‘ಮಾನ್ಯರೇ’ ಎಂದವರಿಗೆ ಮರುಮಾತು

ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ಶ್ರೀವೈಷ್ಣವರೊಂದಿಗೆ ವ್ಯಾಜ್ಯ ಬಂದಾಗ ಜೈನರು ವಿಜಯನಗರದ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ಆತ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ರಾಜಿ ಮಾಡಿಸಿದ. ಶಾಸನದಲ್ಲಿ ಅರಸನ ಹೆಸರಿಗಿಂತ ಮೊದಲು ಬಿರುದುಗಳ ಸಾಲೇ ಇದೆ: ಮಹಾಮಂಡಲೇಶ್ವರ, ಅರಿರಾಯವಿಭಾಡ, ಭಾಷೆಗೆ ತಪ್ಪುವ ರಾಯರ ಗಂಡ.

ಈ ಕೊನೆಯದನ್ನು ನಿಧಾನವಾಗಿ ಓದಬೇಕು. ಭಾಷೆ ಎಂದರೆ ಇಲ್ಲಿ ಕೊಟ್ಟ ಮಾತು. ಮಾತಿಗೆ ತಪ್ಪುವ ಅರಸರನ್ನು ಮಣಿಸುವವನು ಎಂದು ಕರೆಸಿಕೊಂಡವನು ತಾನೇ ಮಾತಿಗೆ ತಪ್ಪುವುದುಂಟೆ? ಬಿರುದಿನ ಬೆನ್ನಿಗೇ ಹೊಣೆಯೂ ಅಂಟಿಕೊಂಡಿತ್ತು.

ಮೈಸೂರಿನವರು ದೊರೆಯನ್ನು ‘ಮಹಾಸ್ವಾಮಿ’ ಎಂದರು. ದರ್ಬಾರಿನಲ್ಲಿ ‘ಬಹುಪರಾಕ್’ ಮೊಳಗುತ್ತಿತ್ತು. ಅರಮನೆಯ ಬಿರುದುಗಳು ವಿದ್ವಾಂಸರಿಗೂ ಅಧಿಕಾರಿಗಳಿಗೂ ಸಂದವು. ಬಿ.ಎಂ. ಶ್ರೀಕಂಠಯ್ಯನವರು ರಾಜಸೇವಾಸಕ್ತರಾದರು, ಎಚ್.ವಿ. ನಂಜುಂಡಯ್ಯನವರು ರಾಜಮಂತ್ರಪ್ರವೀಣರಾದರು.

ಕಾಲ ಹೇಗೆ ಹೊರಳಿತೆಂಬುದಕ್ಕೆ ಜಯಚಾಮರಾಜ ಒಡೆಯರ ಬಾಳೇ ಸಾಕ್ಷಿ. 1940ರಲ್ಲಿ ಪಟ್ಟವೇರಿದ ಮಹಾರಾಜರು 1950ರಲ್ಲಿ ರಾಜಪ್ರಮುಖರಾದರು, 1956ರ ನವೆಂಬರ್ 1ರಂದು ರಾಜ್ಯಪಾಲರಾದರು. 1964ರಲ್ಲಿ ಅದೇ ಹುದ್ದೆಗೆ ಮದ್ರಾಸಿಗೆ ಹೋದರು. ಸಿಂಹಾಸನ ವಂಶದ ಸ್ವತ್ತು. ರಾಜ್ಯಪಾಲರ ಕುರ್ಚಿ ಸಂವಿಧಾನದ್ದು. ಇಂದು ಒಬ್ಬರು, ನಾಳೆ ಇನ್ನೊಬ್ಬರು.

ಆ ಸಂವಿಧಾನದ 18ನೇ ವಿಧಿ ಸೇನೆಯ ಹಾಗೂ ವಿದ್ವತ್ತಿನ ಗೌರವಗಳನ್ನು ಬಿಟ್ಟು ಬೇರೆ ಬಿರುದುಗಳನ್ನು ಸರ್ಕಾರ ಕೊಡಕೂಡದು ಎನ್ನುತ್ತದೆ. 1971ರ 26ನೇ ತಿದ್ದುಪಡಿ ರಾಜರಿಗಿದ್ದ ಮಾನ್ಯತೆಯನ್ನೂ ರಾಜಧನವನ್ನೂ ತೆಗೆದುಹಾಕಿತು. ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ‘ಮೈ ಲಾರ್ಡ್’ ವಸಾಹತು ಕಾಲದ ಪಳೆಯುಳಿಕೆ ಎಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲಿ ಸಾರಿತು. ‘ಹಿಸ್ ಎಕ್ಸಲೆನ್ಸಿ’ ದೇಶದೊಳಗಿನ ಸಮಾರಂಭಗಳಿಗೆ ಬೇಡವೆಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ 2012ರಲ್ಲಿ ತೀರ್ಮಾನಿಸಿದರು.

ಈಗ ಉಳಿದಿರುವುದು ‘ಮಾನ್ಯರೇ’. ಚಿಕ್ಕ ಪದ, ಚೊಕ್ಕ ಪದ. ತಹಶೀಲ್ದಾರರಿಗೂ ಅದೇ, ಮುಖ್ಯಮಂತ್ರಿಗೂ ಅದೇ.

ಒಮ್ಮೆ ಒಂದು ತಾಲ್ಲೂಕು ಕಚೇರಿಯಲ್ಲಿ ಅಜ್ಜಿಯೊಬ್ಬರು ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ನಿಂತಿದ್ದರು. ಹೊರಗೆ ಯಾರಿಂದಲೋ ಬರೆಸಿದ್ದು. ಮೇಲೆ ‘ಮಾನ್ಯರೇ’, ಕೆಳಗೆ ‘ತಮ್ಮ ವಿಶ್ವಾಸಿ’, ಅದರಡಿ ನೀಲಿ ಶಾಯಿಯ ಹೆಬ್ಬೆಟ್ಟು. ಮೇಜಿನ ಆಚೆಯಿಂದ ಬಂದ ಮಾತು: “ಏನಮ್ಮಾ, ನಿಂದೇನು?” ಮೊಮ್ಮಗನ ವಯಸ್ಸಿನವರ ದನಿ ಅದು. ಅಜ್ಜಿ ಕಾಗದವನ್ನು ಇನ್ನೂ ಸ್ವಲ್ಪ ಮುಂದೆ ಚಾಚಿದರು.

ನನ್ನನ್ನು ಇವತ್ತಿಗೂ ಕಾಡುವುದು ಆ ‘ನಿಂದೇನು’. ನಮ್ಮ ನುಡಿಯಲ್ಲಿ ಮರ್ಯಾದೆಗೆ ಬಿರುದಾವಳಿ ಬೇಕಿಲ್ಲ, ‘ನೀವು’ ಅಂದರೆ ಆಯಿತು. ಅರ್ಜಿ ಕೊಡುವವರು ಹುದ್ದೆಗೆ ಮರ್ಯಾದೆ ಕೊಟ್ಟೇ ಮಾತು ಶುರುಮಾಡುತ್ತಾರೆ. ಹುದ್ದೆಯಲ್ಲಿರುವವರು ತಿರುಗಿ ಕೊಡಬೇಕಾದ್ದು ಅಷ್ಟನ್ನೇ: “ಬನ್ನಿ ಅಜ್ಜಿ, ಕೂತ್ಕೊಳ್ಳಿ. ನಿಮ್ಮದೇನು ಹೇಳಿ.”