ಎಂಟು ಕುರ್ಚಿಗಳ ಕಥೆ

ಫೈನಲ್ ಪಂದ್ಯವನ್ನು ನೋಡದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಆದರೆ ಆ ಫೈನಲ್ಲಿಗೆ ಆಟಗಾರರು ಹೇಗೆ ಬಂದರು, ಯಾವ ಬಾಗಿಲಿನಿಂದ ಬಂದರು, ಅದೇ ಬಾಗಿಲಲ್ಲಿ ನಿಂತು ಮರಳಿಹೋದವರು ಯಾರು ಎಂಬುದನ್ನು ಲೆಕ್ಕವಿಟ್ಟು ನೋಡುವವರು ಬಹಳ ಕಡಮೆ. ಚದುರಂಗದ ಮಟ್ಟಿಗಂತೂ ಈ ಮಾತು ಪೂರ್ತಿ ನಿಜ. 2024ರ ಡಿಸೆಂಬರ್ 12ರಂದು ಚೆನ್ನೈನ ಹುಡುಗ ಗುಕೇಶ್ ಸಿಂಗಪುರದಲ್ಲಿ ಚೀಣಾದ ಡಿಂಗ್ ಲಿರೆನ್ ಅವರನ್ನು 7.5–6.5 ಅಂಕಗಳಿಂದ ಸೋಲಿಸಿ ಹದಿನೆಂಟನೆಯ ವಯಸ್ಸಿಗೇ ಜಗಜ್ಜೇತನಾದಾಗ, ಹಲಗೆಯನ್ನೇ ಮುಟ್ಟದವರೂ ಸಂತೋಷಪಟ್ಟರು. ನನಗೂ ಸಂತೋಷವಾಯಿತು. ಆದರೆ ನನ್ನ ಎದೆ ಹೆಚ್ಚು ಬಡಿದುಕೊಂಡದ್ದು ಅದಕ್ಕೆ ಎಂಟು ತಿಂಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ರಾತ್ರಿ. ಆ ರಾತ್ರಿ ನಡೆದದ್ದು ಅರ್ಹತಾ ಪಂದ್ಯ.

ಅರ್ಹತಾ ಪಂದ್ಯದ ಸೊಗಸು ಅದರ ಕ್ರೌರ್ಯದಲ್ಲಿದೆ. ಫೈನಲ್ಲಿನಲ್ಲಿ ಸೋತವನಿಗೂ ಹೆಸರುಂಟು, ಹಣವುಂಟು. ಅರ್ಹತಾ ಪಂದ್ಯದಲ್ಲಿ ಅರ್ಧ ಅಂಕದಿಂದ ಹಿಂದುಳಿದವನಿಗೆ ಮುಂದಿನ ಎರಡು ವರ್ಷ ಕಾಯುವ ಕೆಲಸ ಬಿಟ್ಟರೆ ಮತ್ತೇನೂ ಇಲ್ಲ.

ನಮ್ಮ ಬಿಳಿಗೆರೆಯಲ್ಲಿ ಕುಳಿತು ಇದನ್ನೆಲ್ಲ ಹಿಂಬಾಲಿಸುವುದು ಹೇಗೆಂದು ಗೆಳೆಯರು ಕೇಳುವುದುಂಟು. ಕೈಯಲ್ಲೊಂದು ಫೋನು, ಸಿಗ್ನಲ್ ಬರುವ ಜಗಲಿಯ ಮೂಲೆ, ಒಂದು ನೋಟುಪುಸ್ತಕ. ಇಷ್ಟೇ ನನ್ನ ಸಾಮಗ್ರಿ. ಹಳ್ಳಿಗೆ ಈ ಆಟ ಹೊಸದೇ ಎಂದರೆ ಅದೂ ಅಲ್ಲ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಕವಡೆ ಹಾಕಿದವರ, ಕಲ್ಲಿನ ಮೇಲೆ ಆಡುಹುಲಿ ಆಡಿದವರ ಮೊಮ್ಮಕ್ಕಳು ನಾವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ಓಡಿಸಿದರು. ಆ ನಡೆಗಳಿಗೆ ಕ್ರಮವಾಗಿ ಅಂಕಿ ಕೊಟ್ಟರೆ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿ 260 ಆಗುವಂತೆ ರಚನೆ ಮಾಡಿದರು. ಒಂದರಿಂದ ಅರವತ್ತನಾಲ್ಕರವರೆಗಿನ ಮೊತ್ತ 2080. ಅದನ್ನು ಎಂಟರಿಂದ ಭಾಗಿಸಿದರೆ 260. ಗಣಿತದ ಮಿತ್ರರು ಒಮ್ಮೆ ಪ್ರಯತ್ನಿಸಿ ನೋಡಬಹುದು. ಒಂದು ವಾರ ನಿದ್ದೆ ಕೆಡುವುದು ಖಂಡಿತ.

ಇನ್ನು ವಿಷಯಕ್ಕೆ ಬರೋಣ. ಜಗಜ್ಜೇತನಿಗೆ ಸವಾಲು ಹಾಕುವವನನ್ನು ಆರಿಸಲು ‘ಕ್ಯಾಂಡಿಡೇಟ್ಸ್’ ಎಂಬ ಪಂದ್ಯಾವಳಿಯುಂಟು. ಮೊದಲನೆಯದು 1950ರಲ್ಲಿ ಬುಡಾಪೆಸ್ಟಿನಲ್ಲಿ ನಡೆಯಿತು. ಆ ಕಾಲದ ಏಣಿಗೆ ಮೆಟ್ಟಿಲುಗಳು ಸ್ಪಷ್ಟವಾಗಿದ್ದವು: ಮೊದಲು ವಲಯ, ಆಮೇಲೆ ಅಂತರವಲಯ, ಆಮೇಲೆ ಕ್ಯಾಂಡಿಡೇಟ್ಸ್. ನಮ್ಮ ದೇಶದಿಂದ ಈ ಏಣಿಗೆ ಮೊದಲು ಕಾಲಿಟ್ಟವರಲ್ಲಿ ಮ್ಯಾನ್ಯುಯಲ್ ಏರನ್ ಪ್ರಮುಖರು. 1961ರಲ್ಲಿ ಭಾರತದ ಪ್ರಥಮ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಅವರು 1962ರಲ್ಲಿ ಸ್ಟಾಕ್‌ಹೋಮಿನ ಅಂತರವಲಯ ಪಂದ್ಯಾವಳಿಯಲ್ಲಿ ಆಡಿದರು. ಪಟ್ಟಿಯಲ್ಲಿ ಕೊನೆಯ ಸ್ಥಾನವೇ ಬಂದಿತು, ನಿಜ. ಆದರೆ ಹಂಗರಿಯ ಪೋರ್ಟಿಶ್, ಜರ್ಮನಿಯ ಊಲ್‌ಮನ್ ಎಂಬಿಬ್ಬರು ಘಟಾನುಘಟಿಗಳು ಅಲ್ಲಿ ಅವರ ಕೈಯಲ್ಲಿ ಸೋತರು. ಕೊನೆಯ ಸ್ಥಾನದ ಹೆಸರನ್ನು ಪಟ್ಟಿಯಲ್ಲಿ ನೋಡಿ ನಗುವವರಿಗೆ ಈ ಎರಡು ಆಟಗಳನ್ನು ತೋರಿಸಬೇಕು. ಅಲ್ಲಿಂದ ವಿಶ್ವನಾಥನ್ ಆನಂದ್ 1990ರ ಮನಿಲಾ ಅಂತರವಲಯವನ್ನು ದಾಟಿ ಕ್ಯಾಂಡಿಡೇಟ್ಸ್ ಸೇರುವವರೆಗೆ ನಾವು ಇಪ್ಪತ್ತೆಂಟು ವರ್ಷ ಕಾಯಬೇಕಾಯಿತು.

ಹಳೆಯ ಏಣಿಯಲ್ಲಿಯೂ ಹಿತ್ತಿಲ ಬಾಗಿಲುಗಳಿದ್ದವು. ಅಮೆರಿಕದ ಬಾಬಿ ಫಿಶರ್ ತನ್ನ ದೇಶದ ಆಯ್ಕೆ ಪಂದ್ಯಾವಳಿಯಲ್ಲಿ ಆಡಿಯೇ ಇರಲಿಲ್ಲ. 1970ರ ಪಾಲ್ಮಾ ಅಂತರವಲಯಕ್ಕೆ ಆತನಿಗೆ ಅರ್ಹತೆಯೇ ಇರಲಿಲ್ಲ. ಪಾಲ್ ಬೆಂಕೊ ಎಂಬ ಸಹ ಆಟಗಾರ ತನ್ನ ಸ್ಥಾನವನ್ನು ಬಿಟ್ಟುಕೊಟ್ಟ. ಫಿಶರ್ ಅಲ್ಲಿ ಗೆದ್ದ, 1972ರಲ್ಲಿ ಜಗಜ್ಜೇತನೂ ಆದ.

ಈಗಿನ ಕ್ಯಾಂಡಿಡೇಟ್ಸ್‌ನಲ್ಲಿ ಎಂಟು ಕುರ್ಚಿಗಳು. ಪ್ರತಿಯೊಬ್ಬನೂ ಉಳಿದ ಏಳು ಮಂದಿಯೊಡನೆ ಎರಡೆರಡು ಸಲ, ಒಟ್ಟು ಹದಿನಾಲ್ಕು ಆಟ ಆಡಬೇಕು. ಕುರ್ಚಿ ದೊರೆಯುವ ದಾರಿಗಳೇ ಸ್ವಾರಸ್ಯ. 2024ರ ಎಂಟನ್ನು ಉದಾಹರಣೆಗೆ ನೋಡಿ. ಹಿಂದಿನ ಚಾಂಪಿಯನ್‌ಷಿಪ್ಪಿನಲ್ಲಿ ಸೋತ ನೆಪೋಮ್‌ನಿಯಾಚಿ ಅವರಿಗೆ ಒಂದು. 2023ರಲ್ಲಿ ಬಾಕು ನಗರದಲ್ಲಿ ನಡೆದ ವಿಶ್ವಕಪ್ಪಿನಿಂದ ಮೂರು. ಅದು ಸೋತವನು ಅಂದೇ ಗಂಟುಮೂಟೆ ಕಟ್ಟುವ ಪಂದ್ಯಾವಳಿ. ಗೆದ್ದ ಕಾರ್ಲ್‌ಸನ್ ತನಗೆ ಕುರ್ಚಿ ಬೇಡವೆಂದರು. ಎರಡನೆಯವನಾದ ನಮ್ಮ ಪ್ರಜ್ಞಾನಂದ, ಮೂರನೆಯವನಾದ ಕರುವಾನ ಇಬ್ಬರ ಜೊತೆಗೆ ನಾಲ್ಕನೆಯ ಸ್ಥಾನದ ಅಬಾಸೊವ್‌ಗೂ ಅದೃಷ್ಟ ಒಲಿಯಿತು. ಗ್ರ್ಯಾಂಡ್ ಸ್ವಿಸ್ ಪಂದ್ಯಾವಳಿಯಿಂದ ಎರಡು: ನಮ್ಮ ವಿದಿತ್ ಗುಜರಾತಿ ಮತ್ತು ಅಮೆರಿಕದ ನಕಾಮುರ. ಸ್ವಿಸ್ ಪದ್ಧತಿಯೆಂದರೆ ಪ್ರತಿ ಸುತ್ತಿನಲ್ಲಿಯೂ ಸಮಾನ ಅಂಕದವರನ್ನು ಒಬ್ಬರಿಗೊಬ್ಬರು ಜೋಡಿ ಮಾಡುವುದು. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಕೆಗೆ ಬಂದದ್ದರಿಂದ ಆ ಹೆಸರು. ಗೆದ್ದವನಿಗೆ ಗೆದ್ದವನೇ ಎದುರಾಗುವುದರಿಂದ ಮೇಲೇರಿದಷ್ಟೂ ಗಾಳಿ ಜೋರು.

ಉಳಿದವು ಎರಡು ಕುರ್ಚಿ, ಜಗಳವೆಲ್ಲ ಅಲ್ಲಿಯೇ. ಒಂದು, ವರ್ಷವಿಡೀ ಹಲವು ಪಂದ್ಯಾವಳಿಗಳಲ್ಲಿ ಗಳಿಸಿದ ಅಂಕಗಳ ‘ಸರ್ಕಿಟ್’ ಕುರ್ಚಿ. ಇನ್ನೊಂದು, ಅತ್ಯಧಿಕ ರೇಟಿಂಗ್ ಉಳ್ಳವನ ಕುರ್ಚಿ. 2023ರ ಡಿಸೆಂಬರ್ ನಡುವಿನಲ್ಲಿ ಗುಕೇಶ್‌ಗೆ ಸರ್ಕಿಟ್ ಅಂಕಗಳು ಸಾಲದೆ ಬಂದಿದ್ದವು. ಆಗ ಚೆನ್ನೈನಲ್ಲಿ ಅವಸರವಸರವಾಗಿ ಒಂದು ಪಂದ್ಯಾವಳಿ ಏರ್ಪಾಡಾಯಿತು. ಏಳು ಸುತ್ತಿನಲ್ಲಿ ಗುಕೇಶ್ ಮತ್ತು ಅರ್ಜುನ್ ಎರಿಗೈಸಿ ಇಬ್ಬರಿಗೂ ನಾಲ್ಕೂವರೆ ಅಂಕ. ಸಮಾನಾಂಕದ ಲೆಕ್ಕದಲ್ಲಿ ಗುಕೇಶ್ ಮೇಲು. ಅತ್ತ ಫ್ರಾನ್ಸಿನಲ್ಲಿ ಫಿರೂಜಾ ರೇಟಿಂಗನ್ನು ಏರಿಸಿಕೊಳ್ಳಲು ತರಾತುರಿಯ ಪಂದ್ಯಗಳನ್ನಾಡಿದ. ಅವನ್ನು ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ ಗಣನೆಗೆ ತೆಗೆದುಕೊಳ್ಳಲಿಲ್ಲ. ಆತ ರೂವಾನ್ ಪಟ್ಟಣದ ಮುಕ್ತ ಪಂದ್ಯಾವಳಿಗೆ ಓಡಿ, ಅಲ್ಲಿ ಗೆದ್ದು, ಕೊನೆಯ ಕುರ್ಚಿಯನ್ನು ಹಿಡಿದ. ಇದು ನ್ಯಾಯವೇ ಎಂದು ಕೇಳಿದವರು ಬಹಳ. ಪರೀಕ್ಷೆಗೆ ಕುಳಿತುಕೊಳ್ಳಲು ಹಾಜರಿ ಸಾಲದೆ ಬಂದಾಗ ವಿಶೇಷ ತರಗತಿಗಳನ್ನು ಕೇಳುವ ನಾವು ಬೇರೆಯವರಿಗೆ ನ್ಯಾಯ ಹೇಳುವುದು ಕಷ್ಟ. ಆದರೂ ನನ್ನ ಅಭಿಪ್ರಾಯದಲ್ಲಿ, ಹಣವಿದ್ದ ನಗರ ಕೊನೆಯ ಗಳಿಗೆಯಲ್ಲಿ ಪಂದ್ಯಾವಳಿ ಕಟ್ಟಬಹುದಾದರೆ, ಅಂಥ ನಗರವಿಲ್ಲದ ಆಟಗಾರನಿಗೆ ಅನ್ಯಾಯವೇ ಸರಿ. ಗೆದ್ದವನು ನಮ್ಮವನೆಂಬ ಕಾರಣಕ್ಕೆ ಈ ಮಾತನ್ನು ನುಂಗಬಾರದು.

ಟೊರೊಂಟೊ ನಗರದಲ್ಲಿ ಕ್ಯಾಂಡಿಡೇಟ್ಸ್ ನಡೆದಾಗ ನಮಗೆ ಆಟ ಆರಂಭವಾಗುತ್ತಿದ್ದುದು ನಡುರಾತ್ರಿ. ಏಳನೆಯ ಸುತ್ತಿನಲ್ಲಿ ಗುಕೇಶ್ ಗಡಿಯಾರದ ಒತ್ತಡಕ್ಕೆ ಸಿಕ್ಕಿ ಫಿರೂಜಾನಿಗೆ ಸೋತ. ನಲವತ್ತು ನಡೆಗಳಿಗೆ ಎರಡು ಗಂಟೆ; ಅಲ್ಲಿಯವರೆಗೆ ಒಂದು ಸೆಕೆಂಡೂ ಹೆಚ್ಚಿಗೆ ಸಿಗದು ಎಂಬುದು ಅಲ್ಲಿನ ನಿಯಮ. ಕೊನೆಯ ಸುತ್ತಿಗೆ ಬರುವಾಗ ಆತನಿಗೆ ಎಂಟೂವರೆ, ಬೆನ್ನ ಹಿಂದೆ ಎಂಟೆಂಟು ಅಂಕದ ಮೂವರು. ಆತ ನಕಾಮುರನೊಡನೆ ಸಮ ಮಾಡಿಕೊಂಡು ಒಂಬತ್ತಕ್ಕೆ ನಿಂತ. ಆದರೆ ಪಕ್ಕದ ಹಲಗೆಯಲ್ಲಿ ಕರುವಾನ–ನೆಪೋಮ್‌ನಿಯಾಚಿ ಆಟ ಮುಗಿಯದು! ಇಬ್ಬರಲ್ಲಿ ಯಾರು ಗೆದ್ದರೂ ಅವರಿಗೂ ಒಂಬತ್ತು. ಮರುದಿನ ಮತ್ತೆ ಹೋರಾಟ. ಕರುವಾನ ಗೆಲುವಿನ ಹೊಸ್ತಿಲಲ್ಲಿದ್ದರು. ನೂರ ಒಂಬತ್ತು ನಡೆಗಳಾದ ಮೇಲೆ ಆಟ ಸಮವಾಯಿತು. ಆಗ ನಮ್ಮೂರಿನಲ್ಲಿ ಬೆಳಗಾಗುತ್ತಿತ್ತು. ಹಾಲು ಕರೆಯಲು ಎದ್ದ ನಮ್ಮ ದೊಡ್ಡಮ್ಮ, “ರಾತ್ರಿಯೆಲ್ಲಾ ಯಾರು ಗೆದ್ರು ಮಗಾ?” ಎಂದರು. “ಇಬ್ಬರೂ ಗೆಲ್ಲಲಿಲ್ಲ ದೊಡ್ಡವ್ವಾ, ಅದಕ್ಕೇ ನಮ್ಮೋನು ಗೆದ್ದ” ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಕೊಟ್ಟಿಗೆಗೆ ಹೋದರು.

2025ರ ಸುತ್ತು ನಮಗೆ ಇನ್ನೂ ಹತ್ತಿರ ಬಂದಿತು. ವಿಶ್ವಕಪ್ ಗೋವೆಯಲ್ಲಿ, 206 ಆಟಗಾರರು, ಮೂರು ಕುರ್ಚಿ. ಜಗಜ್ಜೇತ ಗುಕೇಶನೇ ಮೂರನೆಯ ಸುತ್ತಿನಲ್ಲಿ ಜರ್ಮನಿಯ ಫ್ರೆಡೆರಿಕ್ ಸ್ವಾನೆಗೆ ಸೋತ; ಕೊನೆಯವರೆಗೆ ಉಳಿದಿದ್ದ ಅರ್ಜುನ್ ಎಂಟರ ಘಟ್ಟದಲ್ಲಿ ವೈ ಯಿಗೆ ಮಣಿದ. ಕಪ್ಪು ಉಜ್ಬೆಕಿಸ್ತಾನದ ಸಿಂದರೊವ್‌ಗೆ. ಭಾರತಕ್ಕೆ ಅಲ್ಲಿ ಕುರ್ಚಿ ದೊರೆಯಲಿಲ್ಲ. 2025ರ ಸರ್ಕಿಟ್ಟಿನ ದಾರಿಯಿಂದ ಪ್ರಜ್ಞಾನಂದ ಒಂದನ್ನು ಗಳಿಸಿದ. ಹೆಣ್ಣುಮಕ್ಕಳ ಕಥೆ ಇದಕ್ಕಿಂತ ಚೆನ್ನ. ವೈಶಾಲಿ 2023ರಲ್ಲಿಯೂ 2025ರಲ್ಲಿಯೂ ಗ್ರ್ಯಾಂಡ್ ಸ್ವಿಸ್ ಗೆದ್ದಳು. ಬಟೂಮಿಯ ಮಹಿಳಾ ವಿಶ್ವಕಪ್ಪಿನ ಫೈನಲ್ಲಿನಲ್ಲಿ 2025ರ ಜುಲೈ 28ರಂದು ಹತ್ತೊಂಬತ್ತರ ದಿವ್ಯಾ ದೇಶಮುಖ್ ಅನುಭವಿಯಾದ ಕೊನೇರು ಹಂಪಿ ಅವರನ್ನು ಸೋಲಿಸಿದಳು. ಮೂರು ‘ನಾರ್ಮ್’ಗಳನ್ನು ಒಂದೊಂದಾಗಿ ಕೂಡಿಸಿ ಪಡೆಯಬೇಕಾದ ಗ್ರ್ಯಾಂಡ್‌ಮಾಸ್ಟರ್ ಪದವಿ ಆ ಒಂದೇ ಗೆಲುವಿನಿಂದ ಅವಳಿಗೆ ದೊರೆಯಿತು.

ರೇಟಿಂಗ್ ಎಂದರೇನೆಂದು ಒಂದು ಮಾತು. ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಈಲೊ ಎಂಬವರ ಲೆಕ್ಕವಿದು. ಫಿಡೆ ಇದನ್ನು 1970ರಲ್ಲಿ ಅಂಗೀಕರಿಸಿತು. ಇಬ್ಬರ ನಡುವೆ 200 ಅಂಕದ ಅಂತರವಿದ್ದರೆ, ಬಲಿಷ್ಠನು ನೂರು ಆಟಗಳಿಂದ ಸುಮಾರು 76 ಅಂಕ ಗಳಿಸಬೇಕೆಂಬುದು ಅದರ ನಿರೀಕ್ಷೆ. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ಏರಿಕೆ, ಕಡಮೆಯಾದರೆ ಇಳಿಕೆ. ಹೀಗಾಗಿ ಮೇಲಿರುವವನು ಆಡದೆ ಸುಮ್ಮನೆ ಕುಳಿತರೆ ಕ್ಷೇಮ. ಅದನ್ನು ತಡೆಯಲೆಂದು ರೇಟಿಂಗ್ ಕುರ್ಚಿಗೆ ನಲವತ್ತು ಆಟ ಆಡಿರಬೇಕೆಂಬ ನಿಯಮ ಬಂದಿತು. ಅದರ ಫಲವಾಗಿ 2025ರಲ್ಲಿ ಪ್ರಪಂಚದ ಎರಡನೆಯ ಶ್ರೇಯಾಂಕದ ನಕಾಮುರ, ಲೂಯಿಸಿಯಾನ, ಅಯೋವ ರಾಜ್ಯಗಳ ಸಣ್ಣ ಪಂದ್ಯಾವಳಿಗಳಲ್ಲಿ ಸಾಮಾನ್ಯರೊಡನೆ ಆಡಿ ಲೆಕ್ಕ ತುಂಬಿಸಿದರು. ರಣಜಿ ಆಟಗಾರನೊಬ್ಬ ನಂಜನಗೂಡಿನ ಗಲ್ಲಿ ಟೂರ್ನಮೆಂಟಿನಲ್ಲಿ ಬ್ಯಾಟು ಹಿಡಿದಂತೆ!

ಇತ್ತೀಚೆಗೆ ಈ ಏಣಿಯ ಪಕ್ಕದಲ್ಲಿ ಮತ್ತೊಂದು ಏಣಿ ಎದ್ದಿದೆ. ಕಂಪ್ಯೂಟರ್ ಆಟಗಳನ್ನು ವೃತ್ತಿಯಾಗಿ ಆಡುವವರ ‘ಇ-ಸ್ಪೋರ್ಟ್ಸ್ ವಿಶ್ವಕಪ್’ 2025ರಲ್ಲಿ ರಿಯಾದ್‌ನಲ್ಲಿ ನಡೆದಾಗ ಚದುರಂಗವೂ ಅದರೊಳಗೆ ಸೇರಿತು. ಫೆಬ್ರವರಿ ಮತ್ತು ಮೇ ತಿಂಗಳಲ್ಲಿ ಅಂತರ್ಜಾಲದಲ್ಲಿ ನಡೆದ ಪಂದ್ಯಾವಳಿಗಳಿಂದ ಹನ್ನೆರಡು ಮಂದಿ, ಸ್ಥಳದಲ್ಲಿಯೇ ನಡೆದ ಕೊನೆಯ ಅವಕಾಶದ ಪಂದ್ಯಗಳಿಂದ ನಾಲ್ವರು. ಒಬ್ಬೊಬ್ಬರಿಗೆ ಹತ್ತೇ ನಿಮಿಷ. ನಡೆಗೊಂದಿಷ್ಟು ಸೆಕೆಂಡು ಸೇರಿಸಿಕೊಡುವ ಔದಾರ್ಯವೂ ಇಲ್ಲ. ಕಾಯಿಯ ಬದಲು ಮೌಸು, ಹಲಗೆಯ ಬದಲು ತೆರೆ. ಆಟಗಾರರು ದೇಶದ ಬದಲು ತಂಡಗಳ ಅಂಗಿ ತೊಟ್ಟು ಕುಳಿತರು: ಕಾರ್ಲ್‌ಸನ್ ‘ಟೀಮ್ ಲಿಕ್ವಿಡ್’, ಫಿರೂಜಾ ‘ಫಾಲ್ಕನ್ಸ್’, ನಮ್ಮ ಅರ್ಜುನ್ ಕೊರಿಯದ ‘ಜೆನ್‌ಜಿ’. ಕಾರ್ಲ್‌ಸನ್ ಗೆದ್ದರು, ಅರ್ಜುನ್ ನಾಲ್ಕನೆಯವನಾದ. ಇದನ್ನು ಚದುರಂಗವೆನ್ನಬಹುದೇ ಎಂದು ನಮ್ಮ ಉಪನ್ಯಾಸಕರೊಬ್ಬರು ಮೂಗು ಮುರಿದರು. ಆಲೋಚನೆಯ ಆಳ ಕಡಮೆಯೆಂಬುದನ್ನು ಒಪ್ಪುತ್ತೇನೆ. ಆದರೆ ಅಂತರ್ಜಾಲದ ಅರ್ಹತಾ ಪಂದ್ಯಕ್ಕೆ ವೀಸಾ ಬೇಡ, ವಿಮಾನದ ಟಿಕೆಟು ಬೇಡ. ಹಳ್ಳಿಯವನಾದ ನನಗೆ ಇದು ಸಣ್ಣ ಮಾತಾಗಿ ಕಾಣುವುದಿಲ್ಲ.

ಹೊಸದಾಗಿ ನೋಡತೊಡಗುವವರಿಗೆ ಒಂದೆರಡು ಸೂಚನೆ. ನೇರಪ್ರಸಾರದಲ್ಲಿ ಹಲಗೆಯ ಪಕ್ಕದಲ್ಲಿ ಕಪ್ಪು-ಬಿಳುಪಿನ ಒಂದು ಪಟ್ಟಿ ಏರಿಳಿಯುತ್ತಿರುತ್ತದೆ. ಯಾರು ಗೆಲ್ಲುತ್ತಿದ್ದಾರೆಂದು ಕಂಪ್ಯೂಟರ್ ಹೇಳುವ ಮಾತು ಅದು. ಅದನ್ನು ಕೈಯಿಂದ ಮುಚ್ಚಿಕೊಳ್ಳಿ. ಆ ಪಟ್ಟಿ ನಮ್ಮೆಲ್ಲರನ್ನೂ ಪಂಡಿತರನ್ನಾಗಿ ಮಾಡಿ, ಹಲಗೆಯ ಮುಂದೆ ಬೆವರುತ್ತಿರುವವನನ್ನು ಮೂರ್ಖನಂತೆ ತೋರಿಸುತ್ತದೆ. ಅದರ ಬದಲು ಗಡಿಯಾರವನ್ನು ನೋಡಿ. ಮೂವತ್ತನೆಯ ನಡೆಗೆ ಯಾರ ಬಳಿ ಎಷ್ಟು ನಿಮಿಷ ಉಳಿದಿದೆಯೆಂದು ಬರೆದುಕೊಳ್ಳಿ. ಆಮೇಲೆ ಅಂಕಪಟ್ಟಿ. ಕೊನೆಯ ಸುತ್ತುಗಳಲ್ಲಿ ಸಮ ಮಾಡಿಕೊಂಡರೆ ಯಾರಿಗೆ ಸಾಕು, ಯಾರಿಗೆ ಸಾಲದು ಎಂಬುದನ್ನು ಮೊದಲೇ ಲೆಕ್ಕ ಹಾಕಿದ್ದರೆ, ಆಟಗಾರ ಏಕೆ ಸಾಹಸಕ್ಕೆ ಕೈ ಹಾಕಿದ, ಏಕೆ ಮುದುರಿಕೊಂಡ ಎಂಬುದು ತಾನಾಗಿ ತಿಳಿಯುತ್ತದೆ.

ಈ ಏಣಿಯ ಬುಡ ಎಲ್ಲಿದೆ? ಮೈಸೂರಿನವರೇ ಆದ ಎಂ. ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ಮೂವತ್ತು ದಾಟಿದ ಮೇಲೆ. ಪದವಿಗೆ ಬೇಕಾದುದು ಮೂರು ನಾರ್ಮ್ ಮತ್ತು 2500ರ ರೇಟಿಂಗ್. 2019ರಲ್ಲಿ ಮೈಸೂರಿನ ಗಿರೀಶ್ ಕೌಶಿಕ್ ಅವರೂ ಆ ಪದವಿ ಪಡೆದರು. ಗುಕೇಶನ ವಯಸ್ಸನ್ನೇ ಅಳತೆಗೋಲು ಮಾಡಿಕೊಂಡು, ಹದಿನೈದಕ್ಕೇ ಮಕ್ಕಳನ್ನು ‘ತಡವಾಯಿತು’ ಎನ್ನುವ ತಂದೆತಾಯಿಗಳು ತೇಜ್‌ಕುಮಾರ್ ಅವರ ಹೆಸರನ್ನೂ ತಿಳಿದಿರುವುದು ಒಳ್ಳೆಯದು.

ನನ್ನ ಚಿಕ್ಕಪ್ಪನ ಮಗನಿಗೆ ಈಗ ಹದಿಮೂರು. ನನ್ನ ಪಕ್ಕದಲ್ಲಿ ಕುಳಿತೇ ಆಟ ಕಲಿತವನು. ಈಗ ನನ್ನನ್ನು ನಿರಾಯಾಸವಾಗಿ ಸೋಲಿಸುತ್ತಾನೆ. ಚಿಕ್ಕಪ್ಪ ಕಬ್ಬಿನ ಹಣ ಬಂದ ದಿನ ನನ್ನನ್ನು ಕೇಳಿದರು: “ಇವನನ್ನ ಮೈಸೂರಿಗೆ ಕಳಿಸ್ತೀನಿ ಸರಿ, ಇದ್ರಿಂದ ಮುಂದಕ್ಕೆ ಏನಾರ ಆಗ್ತದಾ?” ಆಗುತ್ತದೆಂದು ಹೇಳಲು ನನಗೆ ಧೈರ್ಯವಿಲ್ಲ, ಎಂಟು ಕುರ್ಚಿಗಳ ಲೆಕ್ಕ ಬಲ್ಲವನು ಹಾಗೆ ಹೇಳಲಾರ. ನಾನು ಹೇಳಿದ್ದು ನಿಯಮವನ್ನು ಮಾತ್ರ. ರೇಟಿಂಗ್ ಪಂದ್ಯಾವಳಿಗೆ ಯಾರು ಬೇಕಾದರೂ ಹೆಸರು ಕೊಡಬಹುದು, ಅರ್ಹತೆ ಕೇಳುವವರಿಲ್ಲ. ರೇಟಿಂಗ್ ಇರುವವರೊಡನೆ ಐದು ಆಟವಾಗಿ, ಲೆಕ್ಕ 1400 ಮುಟ್ಟಿದರೆ ಪಟ್ಟಿಯಲ್ಲಿ ಹೆಸರು ಬರುತ್ತದೆ. 2024ರ ಮಾರ್ಚಿಗೆ ಮುಂಚೆ 1000 ಸಾಕಾಗಿತ್ತು. ಚಿಕ್ಕಪ್ಪ ಪ್ರವೇಶಶುಲ್ಕ, ಬಸ್ ಚಾರ್ಜು, ಮಧ್ಯಾಹ್ನದ ಊಟ ಮೂರನ್ನೂ ಬೆರಳಲ್ಲಿ ಎಣಿಸಿ, “ಒಂದ್ ಸಲ ನೋಡಮ” ಎಂದರು. ಅವನ ಆಟಗಳಲ್ಲಿ ಮೂರು ಈಗ ಲೆಕ್ಕಕ್ಕೆ ಬಂದಿವೆ: ಒಂದು ಗೆಲುವು, ಒಂದು ಸಮ, ಒಂದು ಸೋಲು. ಇನ್ನೆರಡು ಆಟ ಬೇಸಗೆಯ ರಜೆಯಲ್ಲಿ.