ಕಂಪ್ಯೂಟರ್ ಬರೆಯುವ ವ್ಯಾಪಾರದ ಸಾರಾಂಶ: ನಂಬುವ ಮುನ್ನ ಗಲ್ಲಾದವರನ್ನೂ ಕೇಳಿ



ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಗಲ್ಲಾದಲ್ಲಿ ಕುಳಿತವರು ಯಜಮಾನರಿಗೆ ಎರಡು ಮಾತಿನಲ್ಲಿ ದಿನದ ವರದಿ ಒಪ್ಪಿಸುವುದು ನಮ್ಮ ಹೋಟೆಲುಗಳ ಹಳೆಯ ಪದ್ಧತಿ. "ಮಧ್ಯಾಹ್ನ ಊಟ ಕಡಿಮೆ ರಾಯರೇ, ಮಳೆ ಬಂದದ್ದರಿಂದ ಸಂಜೆ ಕಾಫಿ ಚೆನ್ನಾಗಿ ಹೋಯಿತು" ಎಂದರೆ ಯಜಮಾನರಿಗೆ ಎಲ್ಲವೂ ತಿಳಿಯುತ್ತಿತ್ತು. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದಾಗ ಕಂಪ್ಯೂಟರ್ ಇರಲಿಲ್ಲ, ಆದರೆ ಲೆಕ್ಕವೂ ಇತ್ತು, ಲೆಕ್ಕದ ಹಿಂದಿನ ಕಾರಣವನ್ನು ಬಲ್ಲವರೂ ಇದ್ದರು.

ಈಗ ಆ ಎರಡು ಮಾತನ್ನು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುತ್ತಿದೆ. ತಿಂಗಳ ಮಾರಾಟದ ಪಟ್ಟಿಯ ಮೇಲೆ ಏಳೆಂಟು ಸಾಲಿನ ಒಂದು ಸಾರಾಂಶ ಬರುತ್ತದೆ: ಯಾವ ತಿಂಡಿ ಹೆಚ್ಚು ಹೋಯಿತು, ಯಾವುದು ಇಳಿಯಿತು, ಏನು ಮಾಡಬೇಕು. ಇದಕ್ಕೆ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಬಳಸುತ್ತಾರೆ. ಸೌಲಭ್ಯ ಒಳ್ಳೆಯದೇ. ಹದಿನೈದು ಪುಟದ ಪಟ್ಟಿ ಓದಲು ನಮ್ಮಲ್ಲಿ ಯಾರಿಗೆ ಪುರುಸೊತ್ತಿದೆ? ಆದರೆ ಈ ಸಾರಾಂಶ ಏನನ್ನು ಬಲ್ಲದು, ಏನನ್ನು ಅರಿಯದು ಎಂಬುದನ್ನು ತಿಳಿಯದೆ ಅದರಂತೆ ನಡೆದರೆ ನಷ್ಟ ನಮ್ಮದೇ.

ಸಾರಾಂಶ ತಯಾರಾಗುವ ಬಗೆ

ಇದರಲ್ಲಿ ಎರಡು ವಿಧ. ಮೊದಲನೆಯದು ಅಚ್ಚಿನ ವಾಕ್ಯ. "ಈ ತಿಂಗಳ ಮಾರಾಟ ಇಷ್ಟು, ಕಳೆದ ತಿಂಗಳಿಗಿಂತ ಇಷ್ಟು ಕಡಿಮೆ" ಎಂದು ಮೊದಲೇ ಬರೆದಿಟ್ಟ ವಾಕ್ಯದ ಖಾಲಿ ಜಾಗದಲ್ಲಿ ಅಂಕಿ ತುಂಬುತ್ತದೆ. ಇದು ಇಡ್ಲಿ ತಟ್ಟೆಯಂತೆ, ಗುಳಿ ಇದ್ದಷ್ಟೇ ಇಡ್ಲಿ.

ಎರಡನೆಯದು 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿಯ ಜಾತಿಯದು. ಅಪಾರ ಬರಹವನ್ನು ಓದಿಸಿ, ಯಾವ ಮಾತಿನ ನಂತರ ಯಾವ ಮಾತು ಬರುವುದು ಸಹಜ ಎಂಬುದನ್ನು ಅದಕ್ಕೆ ಕಲಿಸಿರುತ್ತಾರೆ. ಹಾಗಾಗಿ ಅದು ಬರೆದದ್ದು ಓದಲು ಸರಾಗ. ಆದರೆ ಎರಡು ಎಚ್ಚರ ಬೇಕು. ಕೂಡಿ ಕಳೆಯುವ ಕೆಲಸವನ್ನೂ ಅದಕ್ಕೇ ಬಿಟ್ಟರೆ ಲೆಕ್ಕ ತಪ್ಪಬಹುದು. ಒಳ್ಳೆಯ ಸಾಫ್ಟ್‌ವೇರ್ ಲೆಕ್ಕವನ್ನು ಮೊದಲೇ ಮಾಡಿ, ಉತ್ತರವನ್ನಷ್ಟೇ ಅದರ ಕೈಗೆ ಕೊಡುತ್ತದೆ. ಇನ್ನು, ಅದು ಕೊಡುವ ಕಾರಣ ಬಹುಪಾಲು ಊಹೆ. ನಮ್ಮ ಬಿಲ್ಲಿನಲ್ಲಿ ಇರುವುದು ಏನು, ಎಷ್ಟು, ಯಾವಾಗ ಎಂಬುದು ಮಾತ್ರ. ಏಕೆ ಎಂಬುದು ಬಿಲ್ಲಿನಲ್ಲಿ ಇಲ್ಲವೇ ಇಲ್ಲ.

ಕುಸಿಯದ ವ್ಯಾಪಾರ ಕುಸಿದಂತೆ ಕಂಡರೆ

ವೆಸ್ಟ್ ಮಾಂಬಲಂನಲ್ಲಿ ಒಂದು ಟಿಫಿನ್ ಹೋಟೆಲ್ ಇದೆ ಎಂದಿಟ್ಟುಕೊಳ್ಳೋಣ. ವಾರದ ದಿನಗಳಲ್ಲಿ 30,000 ರೂಪಾಯಿ, ಶನಿವಾರ ಭಾನುವಾರಗಳಲ್ಲಿ 45,000 ರೂಪಾಯಿ ವ್ಯಾಪಾರ. ಹಬ್ಬ ಹರಿದಿನಗಳ ಏರಿಳಿತವನ್ನು ಸದ್ಯಕ್ಕೆ ಬಿಡಿ. 2025ರ ಆಗಸ್ಟ್‌ನಲ್ಲಿ ಐದು ಶನಿವಾರ, ಐದು ಭಾನುವಾರ ಇದ್ದವು. ಒಟ್ಟು ವ್ಯಾಪಾರ 10,80,000 ರೂಪಾಯಿ. ಸೆಪ್ಟೆಂಬರ್‌ನಲ್ಲಿ ನಾಲ್ಕು ನಾಲ್ಕೇ, ದಿನವೂ ಒಂದು ಕಡಿಮೆ. ಒಟ್ಟು 10,20,000 ರೂಪಾಯಿ. ಸಾರಾಂಶ ಏನು ಹೇಳುತ್ತದೆ? "ಮಾರಾಟ ಶೇ. 5.6 ಕುಸಿದಿದೆ, ಗುಣಮಟ್ಟ ಮತ್ತು ಸೇವೆಯನ್ನು ಪರಿಶೀಲಿಸುವುದು ಒಳಿತು."

ಅಂಕಿ ಸರಿಯೇ ಇದೆ. ಆದರೆ ದಿನದ ಲೆಕ್ಕದಲ್ಲಿ ಒಂದು ದೋಸೆಯೂ ಕಡಿಮೆಯಾಗಿಲ್ಲ, ಬದಲಾದದ್ದು ಕ್ಯಾಲೆಂಡರ್ ಮಾತ್ರ. ಇದನ್ನು ನೋಡಿ ಯಜಮಾನರು ಅಡುಗೆ ಭಟ್ಟರ ಮೇಲೆ ರೇಗಿದರೆ ಅನ್ಯಾಯವಲ್ಲವೇ?

ಮುಗಿದದ್ದು, ಹೋಗದೇ ಉಳಿದದ್ದು

ಸಂಜೆ ನಾಲ್ಕಕ್ಕೆ ಗೋಳಿಬಜೆ ಹಾಕುತ್ತೀರಿ, ಐದೂವರೆಗೆ ಹಿಟ್ಟು ಮುಗಿಯುತ್ತದೆ. ಆರು ಗಂಟೆಗೆ ಬಂದ ಗಿರಾಕಿ "ಇಲ್ಲ" ಎನಿಸಿಕೊಂಡು ಬರೀ ಕಾಫಿ ಕುಡಿದು ಹೋಗುತ್ತಾರೆ. ಬಿಲ್ಲಿನಲ್ಲಿ ಕಾಣುವುದು ಇಷ್ಟೇ: ಐದೂವರೆಯ ನಂತರ ಗೋಳಿಬಜೆ ಮಾರಾಟ ಸೊನ್ನೆ. "ಆರರ ನಂತರ ಈ ತಿಂಡಿಗೆ ಬೇಡಿಕೆ ಇಲ್ಲ" ಎಂದು ಸಾರಾಂಶ ಬರೆಯುತ್ತದೆ. ನಿಜವಾಗಿ ಮಾಡಬೇಕಾದದ್ದು ಇನ್ನಷ್ಟು ಹಿಟ್ಟು ಕಲಸುವುದು! ಮುಗಿದುಹೋದ ತಿಂಡಿಯೂ ಯಾರೂ ಕೇಳದ ತಿಂಡಿಯೂ ಯಂತ್ರಕ್ಕೆ ಒಂದೇ. ವ್ಯತ್ಯಾಸ ತಿಳಿದಿರುವುದು ಸಪ್ಲೈಯರ್‌ಗೆ ಮಾತ್ರ.

ನಮ್ಮ ಬಡಾವಣೆಯ ಪಂಚಾಂಗ

ಪುರಟ್ಟಾಸಿಯಲ್ಲಿ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ಮಾಂಸಾಹಾರ ಬಿಡುವ ತಮಿಳು ಕುಟುಂಬಗಳು ಬಹಳ. ಸಸ್ಯಾಹಾರಿ ಹೋಟೆಲುಗಳಿಗೆ ಅದು ಸುಗ್ಗಿ. ಐಪ್ಪಸಿ ಬಂದೊಡನೆ ಇಳಿಯುವುದು ಸಹಜ. ಹಾಗೆಯೇ ಅಯೋಧ್ಯಾ ಮಂಟಪದ ಸುತ್ತಿನ ಬೀದಿಗಳಲ್ಲಿ ಅಮಾವಾಸ್ಯೆಯ ದಿನ ತರ್ಪಣದ ಮನೆಗಳು ಹೆಚ್ಚು, ಅಂದು ಅವರು ಹೊರಗಡೆ ತಿನ್ನುವುದಿಲ್ಲ. ಜೋರು ಮಳೆಗೆ ದುರೈಸಾಮಿ ಸಬ್‌ವೇಯಲ್ಲಿ ನೀರು ನಿಂತರೆ ಟಿ. ನಗರದ ಕಡೆಯಿಂದ ಬರುವವರು ನಿಂತುಹೋಗುತ್ತಾರೆ. ಇದೆಲ್ಲ ನಮಗೆ ಬಾಯಿಪಾಠ, ಬಿಲ್ಲಿಂಗ್ ಯಂತ್ರಕ್ಕೆ ಗೊತ್ತಿಲ್ಲ.

ಹಿಂದಿನ ವರ್ಷದೊಡನೆ ಹೋಲಿಸಿದರೂ ಇದೇ ತೊಂದರೆ. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಮುಳುಗಿತ್ತು. ಆ ವಾರವನ್ನು 2024ರ ಅದೇ ವಾರದ ಪಕ್ಕದಲ್ಲಿಟ್ಟರೆ "ಭರ್ಜರಿ ಪ್ರಗತಿ" ಎಂದೇ ಸಾರಾಂಶ ಬರುತ್ತದೆ. ಅದನ್ನು ನಂಬಿ ಸಾಲ ಮಾಡಿ ಪಕ್ಕದ ಅಂಗಡಿಯನ್ನೂ ಬಾಡಿಗೆಗೆ ಹಿಡಿದವರ ಗತಿ ಏನು?

ಪಾರ್ಸೆಲ್ ಆಪ್‌ಗಳ ಲೆಕ್ಕ

ಸ್ವಿಗ್ಗಿ, ಜೊಮ್ಯಾಟೊ ಮೂಲಕ ಬಂದ 8,000 ರೂಪಾಯಿಯ ಆರ್ಡರನ್ನು ನಮ್ಮ ಕೌಂಟರ್‌ನಲ್ಲೂ ಬಿಲ್ ಮಾಡಿ ದಿನದ ಮೊತ್ತ 35,000 ಆಗಿದೆ ಎನ್ನಿ. ಆಪ್‌ನವರ ಪಟ್ಟಿಯನ್ನೂ ಅದೇ ವರದಿಗೆ ಸೇರಿಸಿದರೆ ಸಾರಾಂಶ 43,000 ಎನ್ನುತ್ತದೆ. ಒಂದೇ ಊಟ ಎರಡು ಸಲ ಲೆಕ್ಕಕ್ಕೆ ಬಂತು. ಮತ್ತೊಂದು ವಿಷಯ: 2022ರ ಜನವರಿ 1ರಿಂದ ಈ ಆರ್ಡರುಗಳ ಶೇ. 5 ಜಿಎಸ್‌ಟಿಯನ್ನು ಆಪ್‌ನವರೇ ಕಟ್ಟುತ್ತಾರೆ. ಜಿಎಸ್‌ಟಿಆರ್-3ಬಿಯಲ್ಲಿ ನಾವು ಇದನ್ನು 3.1.1ರಲ್ಲಿ ಬೇರೆಯಾಗಿ ತೋರಿಸಬೇಕು. ಆದ್ದರಿಂದ ಸಾರಾಂಶದ ಒಟ್ಟು ಮೊತ್ತವನ್ನು ನೇರವಾಗಿ ಆಡಿಟರ್ ಕೈಗೆ ಕೊಡಬೇಡಿ.

ಮಾಡಬೇಕಾದ್ದೇನು?

1. ಗಲ್ಲಾದ ಬಳಿ ಒಂದು ಡೈರಿ ಇಡಿ. ಮಳೆ, ಅಮಾವಾಸ್ಯೆ, ಕರೆಂಟ್ ಇಲ್ಲದ್ದು, ಭಟ್ಟರ ರಜೆ, ಯಾವ ತಿಂಡಿ ಎಷ್ಟು ಗಂಟೆಗೆ ಮುಗಿಯಿತು, ಇಷ್ಟನ್ನು ದಿನಕ್ಕೆ ಒಂದೇ ಸಾಲಿನಲ್ಲಿ ಬರೆಯಿರಿ. ಸಾಫ್ಟ್‌ವೇರ್‌ನಲ್ಲಿ ಟಿಪ್ಪಣಿ ಹಾಕುವ ಜಾಗವಿದ್ದರೆ ಅಲ್ಲೂ ಹಾಕಿಸಿ. ಆಗ ಸಾರಾಂಶಕ್ಕೂ ಊಹೆಯ ಬದಲು ಆಧಾರ ಸಿಗುತ್ತದೆ.

2. ತಿಂಗಳಿಗೆ ತಿಂಗಳು ಹೋಲಿಸಬೇಡಿ. ಸೋಮವಾರವನ್ನು ಸೋಮವಾರದೊಡನೆ, ಭಾನುವಾರವನ್ನು ಭಾನುವಾರದೊಡನೆ, ಪುರಟ್ಟಾಸಿಯನ್ನು ಹಿಂದಿನ ಪುರಟ್ಟಾಸಿಯೊಡನೆ ಹೋಲಿಸಿ ಕೊಡುವಂತೆ ಸಾಫ್ಟ್‌ವೇರ್‌ನವರನ್ನು ಕೇಳಿ.

3. ಸಾರಾಂಶದ ಎರಡು ಅಂಕಿಗಳನ್ನಾದರೂ ಪ್ರತಿ ಸಲ ಮೂಲ ಪಟ್ಟಿಯೊಡನೆ ತಾಳೆ ನೋಡಿ. ಒಂದು ತಪ್ಪಿದ್ದರೂ ಉಳಿದದ್ದನ್ನು ನಂಬಬೇಡಿ.

4. "ಬಹುಶಃ", "ಇರಬಹುದು", "ಒಳಿತು" ಎಂದಿರುವ ಸಾಲುಗಳಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಅವು ವರದಿಯಲ್ಲ, ಊಹೆ. ಗೆರೆ ಬೀಳದ ಸಾಲುಗಳಲ್ಲೂ ಕಾರಣ ಹೇಳಿದ್ದರೆ ಕೇಳಿಯೇ ಮುಂದುವರಿಯಿರಿ.

5. ಗಿರಾಕಿಗಳ ಫೋನ್ ನಂಬರು, ನೌಕರರ ಸಂಬಳದ ಪಟ್ಟಿ ಇವನ್ನು ಪುಕ್ಕಟೆ ಸಿಗುವ ಎಐ ಸೇವೆಗಳಿಗೆ ಹಾಕಬೇಡಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಕಾಯಿದೆ ಆಗಿದೆ. ಸಾರಾಂಶಕ್ಕೆ ತಿಂಡಿ, ಸಮಯ, ಮೊತ್ತ ಇಷ್ಟು ಸಾಕು.

ಕೊನೆಯದಾಗಿ, ಒಂದು ತಿಂಡಿ ನಿಲ್ಲಿಸುವುದು ಸಣ್ಣ ವಿಷಯವಲ್ಲ. ಅದನ್ನು ಮಾಡುವ ಭಟ್ಟರು ಕುಂದಾಪುರದಿಂದಲೋ ಉಡುಪಿಯಿಂದಲೋ ಸಂಸಾರ ಬಿಟ್ಟು ಬಂದಿರುತ್ತಾರೆ. ಏಳು ಸಾಲು ಓದಿ ಅವರ ಕೆಲಸ ತೆಗೆಯುವ ಮುನ್ನ ಒಂದು ಸಂಜೆ ಗಲ್ಲಾದಲ್ಲಿ ನೀವೇ ಕುಳಿತು ನೋಡಿ, ಸಪ್ಲೈಯರ್‌ನನ್ನು ಕರೆದು ಕೇಳಿ. ಏನು ಬದಲಾಯಿತು ಎಂಬುದನ್ನು ಯಂತ್ರ ಬೇಗ ಹೇಳುತ್ತದೆ, ಆ ಉಪಕಾರವನ್ನು ಪಡೆಯೋಣ. ಏಕೆ ಬದಲಾಯಿತು ಎಂಬುದನ್ನು ಹೇಳುವವರು ಇನ್ನೂ ನಮ್ಮ ಹೋಟೆಲಿನ ಒಳಗೇ ಇದ್ದಾರೆ.