ಸೆಮಿಸ್ಟರಿಗೊಂದು ಸೆಟ್ಟು

ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಬಿ.ಎಸ್. ಗ್ರೇವಾಲ್ ಅವರ ಗಣಿತದ ದಪ್ಪ ಪುಸ್ತಕವನ್ನು ಕೈಗೆತ್ತಿಕೊಂಡರೆ ಅದರ ಪಾಡು ತಿಳಿಯುತ್ತದೆ. ಬೆನ್ನಿಗೆ ಸೆಲ್ಲೋಟೇಪು, ಒಳರಟ್ಟಿನಲ್ಲಿ ಡ್ಯೂ ಡೇಟ್ ಚೀಟಿಯ ಮೇಲೊಂದು ಚೀಟಿ. ಇಡೀ ತರಗತಿಗೆ ಅದು ಬೇಕಾಗುವುದು ಇಂಟರ್ನಲ್ಸ್‌ಗೆ ಮುಂಚಿನ ಅದೇ ವಾರದಲ್ಲಿ. ಅದಕ್ಕೇ ಒಂದು ಪ್ರತಿಯನ್ನಾದರೂ ರೆಫರೆನ್ಸ್ ವಿಭಾಗದಲ್ಲಿ ಉಳಿಸಿಕೊಳ್ಳುತ್ತಾರೆ. ಅಲ್ಲೇ ಕೂತು ಓದಬೇಕು.

ಓದಿ ಮುಗಿಯದಿದ್ದರೆ ಜೆರಾಕ್ಸ್ ಅಂಗಡಿ ಇದ್ದೇ ಇದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯ ಕೋರ್ಟು ಮೆಟ್ಟಿಲೇರಿತ್ತು. ಬೇರೆಬೇರೆ ಪುಸ್ತಕಗಳಿಂದ ಬೇಕಾದ ಅಧ್ಯಾಯಗಳನ್ನು ಸೇರಿಸಿ ‘ಕೋರ್ಸ್ ಪ್ಯಾಕ್’ ಮಾಡಿಕೊಡುತ್ತಿದ್ದ ಕ್ಯಾಂಪಸ್ಸಿನ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ದಾವೆ ಹೂಡಿದವು. ಬೋಧನೆಗಾಗಿ ಮಾಡುವ ಪ್ರತಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿಯಿದೆ ಎಂದು ದೆಹಲಿ ಹೈಕೋರ್ಟು 2016ರಲ್ಲಿ ಹೇಳಿತು. ಮರುವರ್ಷ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು.

ನನಗೆ ಮೆಚ್ಚುಗೆಯಿರುವುದು ಮಾತ್ರ ಬುಕ್ ಬ್ಯಾಂಕಿನ ಮೇಲೆ. ಹೆಸರಿಗೆ ಬ್ಯಾಂಕು, ಬಡ್ಡಿಯಿಲ್ಲ. ಮಾಮೂಲಿ ಎರವಲಿನಂತೆ ಹದಿನೈದು ದಿನಕ್ಕೊಮ್ಮೆ ರಿನ್ಯೂ ಮಾಡಿಸುವ ಓಡಾಟವೂ ಇಲ್ಲ. ಸೆಮಿಸ್ಟರ್ ಶುರುವಿಗೆ ಪುಸ್ತಕಗಳ ಕಟ್ಟು ಒಯ್ದರೆ ಪರೀಕ್ಷೆ ಮುಗಿಸಿ ತಂದರಾಯಿತು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಯೋಜನೆಯನ್ನೇ ರೂಪಿಸಿತ್ತು: ವೈದ್ಯಕೀಯ, ಎಂಜಿನಿಯರಿಂಗ್‌ನಂಥ ಕೋರ್ಸುಗಳಲ್ಲಿ ಇಬ್ಬರಿಗೊಂದು ಸೆಟ್ಟು, ಸೆಟ್ಟಿಗೆ ಮೂರು ವರ್ಷ ಆಯಸ್ಸು. ಇಬ್ಬರೂ ಒಂದೇ ಹಾಸ್ಟೆಲಿನವರಾದರೆ ಸರಿ, ಒಬ್ಬರು ಊರಿಂದ ಬಸ್ಸಿನಲ್ಲಿ ಬರುವವರಾದರೆ ಹಂಚಿಕೆ ಕಷ್ಟ.

ಇಂಥ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿರುತ್ತವೆ: ಯಾವ ಲೆಕ್ಕ ಯಾವ ವರ್ಷ ಬಂದಿತ್ತು, ಎಷ್ಟು ಅಂಕಕ್ಕೆ. ಲೈಬ್ರರಿಯನ್ ಬೈಯುತ್ತಾರೆ, ಮುಂದಿನ ಬ್ಯಾಚು ಹರಸುತ್ತದೆ.

ತೊಡಕು ಬರುವುದು ಸಿಲಬಸ್ಸಿನಿಂದ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) 2021ರ ಸ್ಕೀಮಿನ ಬೆನ್ನಿಗೇ 2022ರ ಸ್ಕೀಮು ಬಂತು. ಮೂರು ವರ್ಷದ ಸೆಟ್ಟು ಹೀಗೆ ನಡುವಿನಲ್ಲೇ ಹಳತಾಗಬಹುದು. ಹೊಸದು ತರಿಸಲು ಲೈಬ್ರರಿಯನ್ ವಿಭಾಗಗಳಿಂದ ಪುಸ್ತಕಪಟ್ಟಿ ಕೇಳುತ್ತಾರೆ, ಜ್ಞಾಪನ ಕಳಿಸುತ್ತಾರೆ, ಮತ್ತೆ ಕೇಳುತ್ತಾರೆ. ಪಟ್ಟಿ ಕೊಡಲು ತಡಮಾಡಿದ ಮೇಷ್ಟರೇ ಆ ಪುಸ್ತಕ ಲೈಬ್ರರಿಯಲ್ಲಿಲ್ಲವೆಂದು ಮೊದಲು ದೂರುವುದೂ ಉಂಟು.